‘ಮೊದಲ ಹವಳ’ ಬಾಕ್ಸ್ ಮತ್ತು ಅದರ ಕೈಪಿಡಿಯ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಸಮುದ್ರ ಅಕ್ವೇರಿಯಂ ಮಳಿಗೆ,
ಬೆಂಗಳೂರು

ಇಂದ,
ತಮ್ಮಲ್ಲಿ ಬಾಕ್ಸ್ ಖರೀದಿಸಿದ ಬೆಂಗಳೂರಿನ ಗ್ರಾಹಕರು

ವಿಷಯ: ಹೊಸಬರಿಗೆಂದು ಮಾರುತ್ತಿರುವ ಎಂಟು ತುಂಡಿನ ಹವಳದ ಬಾಕ್ಸ್‌ನಲ್ಲಿ ತಪ್ಪು ಆಯ್ಕೆ, ಅಪಾಯಕಾರಿ ಸೂಚನೆ ಹಾಗೂ ಕಾಗದಪತ್ರ ಇಲ್ಲದಿರುವುದು.

ಮಾನ್ಯರೇ,

ತಾವು ₹6,499ಕ್ಕೆ ಮಾರುವ ‘ಮೊದಲ ಹವಳ’ ಬಾಕ್ಸ್‌ನಲ್ಲಿ ಅಕ್ರೋಪೋರಾ, ಗೋನಿಯೋಪೋರಾ, ಸನ್ ಕೋರಲ್, ಗ್ರೀನ್ ಸ್ಟಾರ್ ಪಾಲಿಪ್, ಝೀನಿಯಾ, ಪ್ಯಾಲಿಥೋವಾ, ಟೋಡ್‌ಸ್ಟೂಲ್ ಲೆದರ್ ಮತ್ತು ಕೆಂಪು ಮಶ್ರೂಮ್ ಹೀಗೆ ಎಂಟು ತುಂಡು ಬರುತ್ತವೆ. ಇವುಗಳಲ್ಲಿ ಹೊಸಬರಿಗೆ ಯೋಚಿಸದೆ ಕೊಡಬಹುದಾದವು ಕೊನೆಯ ಎರಡು ಮಾತ್ರ. ಮೊದಲ ಮೂರು ಹೊಸ ಟ್ಯಾಂಕಿನಲ್ಲಿ ಉಳಿಯುವುದಿಲ್ಲ. ನಂತರದ ಎರಡು ಕಲ್ಲನ್ನೆಲ್ಲ ನುಂಗಿಹಾಕುತ್ತವೆ. ಮಿಕ್ಕ ಒಂದು, ತಮ್ಮ ಕೈಪಿಡಿಯಲ್ಲಿ ಹೇಳಿದಂತೆ ನಡೆದುಕೊಂಡರೆ, ಮನೆಯವರನ್ನು ಆಸ್ಪತ್ರೆಗೆ ಕಳಿಸಬಹುದು. ಸತ್ತ ತುಂಡಿಗೆ ಬದಲಿ ಕೇಳಿದರೆ ‘ನೀರಿನ ಪ್ಯಾರಾಮೀಟರ್ ಸರಿಯಾಗಿ ಇಟ್ಟಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ಆ ಪ್ಯಾರಾಮೀಟರ್‌ಗಳೆಲ್ಲ, ಅಂದರೆ ನೀರಿನ ಉಪ್ಪು, ಕ್ಷಾರಗಳಂಥ ಅಳತೆಗಳೆಲ್ಲ, ತಮ್ಮ ಕೈಪಿಡಿಯಲ್ಲೇ ತಪ್ಪಾಗಿ ಅಚ್ಚಾಗಿವೆ ಎನ್ನುವುದೇ ನಮ್ಮ ದೂರು.

ಆಸ್ಪತ್ರೆಯ ಮಾತನ್ನೇ ಮೊದಲು ಹೇಳುತ್ತೇವೆ. ಕೈಪಿಡಿಯ ಮೂರನೇ ಪುಟದಲ್ಲಿ ‘ಪಾಚಿ ಹಿಡಿದ ತುಂಡನ್ನು ಬಿಸಿನೀರಿನಲ್ಲಿಟ್ಟು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ’ ಎಂದಿದೆ. ಯಾವ ತುಂಡು ಎಂದಿಲ್ಲ. ಪ್ಯಾಲಿಥೋವಾದಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷ ಇರಬಹುದು. ವಿಜ್ಞಾನಿಗಳು ಅದನ್ನು 1971ರಲ್ಲಿ ಬೇರ್ಪಡಿಸಿ ತೋರಿಸಿದ್ದು ಹವಾಯಿಯ ಇದೇ ಜಾತಿಯ ಜೀವಿಯಿಂದ. ಬಿಸಿನೀರು ಆ ವಿಷವನ್ನು ಕೆಡಿಸುವುದಿಲ್ಲ, ಆವಿಯ ಜತೆ ಗಾಳಿಗೆ ಏರಿಸುತ್ತದೆ. ಉಜ್ಜಿದಾಗ ಸಿಡಿಯುವ ಹನಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆ ಹಾಳಾಗುತ್ತದೆ. ಆವಿ ಉಸಿರಿಗೆ ಸೇರಿದರೆ ಬಾಯಲ್ಲಿ ಲೋಹದ ರುಚಿ, ಚಳಿಜ್ವರ, ಕೆಮ್ಮು, ಮೈಕೈ ನೋವು, ಉಸಿರಾಟದ ತೊಂದರೆ ಶುರುವಾಗುತ್ತವೆ. ಕೆಲಸ ಮಾಡಿದವರಷ್ಟೇ ಅಲ್ಲ, ಅದೇ ಮನೆಯಲ್ಲಿದ್ದವರೂ ನಾಯಿಯೂ ಒಟ್ಟಿಗೆ ಹಾಸಿಗೆ ಹಿಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಈ ತುಂಡನ್ನು ಮುಟ್ಟುವಾಗ ನೈಟ್ರೈಲ್ ಗ್ಲೌಸ್ ಮತ್ತು ಕಣ್ಣಿಗೆ ಕನ್ನಡಕ ಇರಬೇಕು. ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬಾರದು. ಕತ್ತರಿಸುವುದು, ಕುದಿಸುವುದು, ಬಿಸಿನೀರಿನಲ್ಲಿ ಉಜ್ಜುವುದು ಯಾವ ಕಾರಣಕ್ಕೂ ಕೂಡದು. ಅಡುಗೆಮನೆಯ ಸಿಂಕಿನ ಹತ್ತಿರಕ್ಕಂತೂ ತರಬಾರದು. ಇದನ್ನು ಕೈಪಿಡಿಯಲ್ಲಿ ಕೆಂಪಕ್ಷರದಲ್ಲಿ ಹಾಕಬೇಕಿತ್ತು, ತಾವು ಹಾಕಿದ್ದು ಅದರ ಉಲ್ಟಾ. ಮೊದಲ ಹವಳದ ಪಟ್ಟಿಗೆ ಪ್ಯಾಲಿಥೋವಾ ಬೇಕೇ ಎಂದು ಕೇಳಿದರೆ ನಮ್ಮ ಉತ್ತರ ಬೇಡ ಎಂದೇ.

ಇನ್ನು ಸಾಯುವ ಮೂರು. ಅಕ್ರೋಪೋರಾಕ್ಕೆ 250ರಿಂದ 350 ಪಿಎಆರ್ (ಹವಳದೊಳಗಿನ ಪಾಚಿ ಬಳಸಬಲ್ಲ ಬೆಳಕಿನ ಅಳತೆ) ಬೆಳಕು ಬೇಕು, ಬಲವಾದ ಹರಿವು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಕಲಿನಿಟಿ, ಅಂದರೆ ನೀರಿನ ಕ್ಷಾರೀಯತೆ, ಅಲುಗಾಡಬಾರದು. ಒಂದೇ ದಿನದಲ್ಲಿ 1 ಡಿಕೆಎಚ್ (ಅಲ್ಕಲಿನಿಟಿಯ ಅಳತೆ) ಹೆಚ್ಚುಕಡಿಮೆಯಾದರೂ ತುದಿ ಸುಡುತ್ತದೆ, ಇಲ್ಲವೇ ಬುಡದಿಂದ ಚರ್ಮ ಕಿತ್ತುಬರುತ್ತದೆ. ಎರಡು ತಿಂಗಳ ಟ್ಯಾಂಕಿನಲ್ಲಿ ಅಂಥ ಸ್ಥಿರತೆಯನ್ನು ಕೇಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಗೋನಿಯೋಪೋರಾ ಹಾಗಲ್ಲ, ಅದು ಮೋಸ ಮಾಡುತ್ತದೆ: ಮೂರು ನಾಲ್ಕು ತಿಂಗಳು ಹೂವಿನಂತೆ ಅರಳಿಕೊಂಡೇ ಇದ್ದು, ಆಮೇಲೆ ದಿನದಿನಕ್ಕೆ ಕುಗ್ಗುತ್ತ ಹೋಗುತ್ತದೆ. ಅಷ್ಟರಲ್ಲಿ ತಮ್ಮ ಏಳು ದಿನದ ಗ್ಯಾರಂಟಿ ಮುಗಿದಿರುತ್ತದೆ.

ಸನ್ ಕೋರಲ್ ಅನ್ನು ಈ ಬಾಕ್ಸ್‌ಗೆ ಸೇರಿಸಿದವರಿಗೆ ಅದರ ಪರಿಚಯವೇ ಇಲ್ಲ. ಉಳಿದ ಏಳರ ಮೈಯೊಳಗೆ ಬೆಳಕಿನಿಂದ ಆಹಾರ ಮಾಡಿಕೊಡುವ ಸೂಕ್ಷ್ಮ ಪಾಚಿ ಇದೆ, ಇದರಲ್ಲಿಲ್ಲ. ಹಾಗಾಗಿ ‘ಚೆನ್ನಾಗಿ ಬೆಳಕು ಬೀಳುವ ಕಡೆ ಇಡಿ’ ಎಂಬ ಸೂಚನೆಯಿಂದ ಅದಕ್ಕೆ ಹೊಟ್ಟೆ ತುಂಬುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಪಂಪ್ ನಿಲ್ಲಿಸಿ, ಒಂದೊಂದು ಬಾಯಿಗೂ ಪಿಪೆಟ್‌ನಿಂದ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಅಥವಾ ಸಣ್ಣಗೆ ಕೊಚ್ಚಿದ ಸಿಗಡಿ ಕೊಡಬೇಕು. ಒಂದು ತುಂಡಿನಲ್ಲಿ ಹದಿನೈದು ಬಾಯಿಗಳಿದ್ದರೆ ಹದಿನೈದಕ್ಕೂ ತಿನ್ನಿಸಬೇಕು. 60 ಲೀಟರಿನ ಹೊಸ ಟ್ಯಾಂಕಿನಲ್ಲಿ ಅಷ್ಟು ಆಹಾರ ಬಿದ್ದರೆ ನೈಟ್ರೇಟ್, ಫಾಸ್ಫೇಟ್ ಏರಿ ಕಲ್ಲಿನ ತುಂಬ ಕೂದಲು ಪಾಚಿ ಬೆಳೆಯುತ್ತದೆ. ತಿನ್ನಿಸಿದರೆ ಟ್ಯಾಂಕ್ ಕೆಡುತ್ತದೆ, ತಿನ್ನಿಸದಿದ್ದರೆ ಹವಳ ಸಾಯುತ್ತದೆ.

ಇದೇ ಮೂರಕ್ಕೆ ಕಾನೂನಿನ ಪ್ರಶ್ನೆಯೂ ಇದೆ. ಅಕ್ರೋಪೋರಾ, ಗೋನಿಯೋಪೋರಾ, ಸನ್ ಕೋರಲ್ ಮೂರೂ ಗಟ್ಟಿ ಹವಳಗಳು. ಗಟ್ಟಿ ಹವಳಗಳೂ ಕಪ್ಪು ಹವಳ, ಆರ್ಗನ್ ಪೈಪ್, ಫೈರ್ ಕೋರಲ್, ಸೀ ಫ್ಯಾನ್‌ಗಳೂ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ, ಆನೆಗಳೂ ಇರುವುದು ಅದೇ ಅನುಸೂಚಿಯಲ್ಲಿ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. ತಮ್ಮ ಜಾಹೀರಾತಿನಲ್ಲಿ ‘ರಾಮೇಶ್ವರದಿಂದ ನೇರವಾಗಿ ಬಂದ ತಾಜಾ ಮಾಲು’ ಎಂದಿದೆ. ಆ ಕಡಲಲ್ಲಿರುವುದು 21 ದ್ವೀಪಗಳ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ. ಸುಣ್ಣಕ್ಕಾಗಿ ದಶಕಗಳ ಕಾಲ ಹವಳ ಅಗೆದದ್ದರಿಂದ ಎರಡು ದ್ವೀಪಗಳು ನೀರಿನಡಿ ಮುಳುಗಿಹೋದ ಜಾಗ ಅದು. ಫೋನಿನಲ್ಲಿ ಕೇಳಿದರೆ ‘ಫಾರ್ಮ್‌ನಲ್ಲಿ ಬೆಳೆಸಿದ್ದು, ಹೊರದೇಶದ್ದು’ ಎನ್ನುತ್ತಾರೆ. ಹೊರದೇಶದ್ದಾದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಇರಲೇಬೇಕು, ಏಕೆಂದರೆ ಗಟ್ಟಿ ಹವಳಗಳು ಅದರ ಎರಡನೇ ಅನುಬಂಧದಲ್ಲಿವೆ. ಬಿಲ್ಲಿನಲ್ಲಿ ಮಾತ್ರ ‘ಅಲಂಕಾರಿಕ ವಸ್ತು, 1 ಬಾಕ್ಸ್’ ಎಂದಷ್ಟೇ ಇದೆ. ಈ ಮೂರು ತುಂಡಿನ ಮೂಲ ದೇಶ, ವೈಜ್ಞಾನಿಕ ಹೆಸರು ಮತ್ತು ಪರವಾನಗಿಯ ಪ್ರತಿ ನಮಗೆ ಬೇಕು.

ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಝೀನಿಯಾ ಕೆಟ್ಟ ಹವಳಗಳೇನಲ್ಲ, ಹೊಸಬರ ಕೈಯಲ್ಲೂ ಬದುಕುತ್ತವೆ. ತೊಂದರೆ ಇರುವುದು ‘ಮುಖ್ಯ ಕಲ್ಲಿನ ನಡುವೆ ಅಂಟಿಸಿ’ ಎಂಬ ಸೂಚನೆಯಲ್ಲಿ. ಸ್ಟಾರ್ ಪಾಲಿಪ್‌ನ ನೇರಳೆ ಚಾಪೆ ಒಮ್ಮೆ ಕಲ್ಲಿಗೆ ಹತ್ತಿತೆಂದರೆ ಕಾಂಗ್ರೆಸ್ ಗಿಡದಂತೆ, ಕಿತ್ತಷ್ಟೂ ಬರುತ್ತದೆ. ಮರಳಿನ ಮೇಲೆ, ಉಳಿದ ಕಲ್ಲುಗಳಿಂದ ಹತ್ತು ಸೆಂಟಿಮೀಟರಾದರೂ ದೂರದಲ್ಲಿ ಒಂಟಿ ಕಲ್ಲಿಟ್ಟು ಅದರ ಮೇಲೆ ಕೂರಿಸಿದರೆ ಈ ಗೋಳಿಲ್ಲ. ಒಂದು ಸಾಲಿನಲ್ಲಿ ಹೇಳಬಹುದಾದ ಮಾತು.

ಈಗ ನೀರು. ಸಾಂದ್ರತೆ (ಸಿಹಿನೀರನ್ನು 1 ಎಂದುಕೊಂಡರೆ ಉಪ್ಪುನೀರು ಎಷ್ಟು ಭಾರ ಎಂಬ ಅಳತೆ) 1.020ರಿಂದ 1.022 ಇರಲಿ ಎಂದು ಬರೆದಿದ್ದೀರಿ. ಮೀನು ಮಾತ್ರ ಇರುವ ಟ್ಯಾಂಕಿಗೆ ನಡೆದೀತು. ಹವಳಕ್ಕೆ ಬೇಕಾದದ್ದು 1.026, ಅಂದರೆ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು); 1.022 ಎಂದರೆ ಸುಮಾರು 30. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿಯ ದ್ರಾವಣದಿಂದಲೇ ಹೊಂದಿಸಬೇಕು. ಬೇಸಿಗೆಯಲ್ಲಿ ಫ್ಯಾನ್ ಹಾಕಿದ 100 ಲೀಟರ್ ಟ್ಯಾಂಕಿನಿಂದ 3 ಲೀಟರ್ ಆವಿಯಾದರೆ 35 ಇದ್ದದ್ದು 36 ದಾಟುತ್ತದೆ. ಆ ಕೊರತೆಯನ್ನು ಉಪ್ಪಿಲ್ಲದ ನೀರಿನಿಂದ ತುಂಬಬೇಕು. ತಮ್ಮ ಕೈಪಿಡಿ ‘ಸಮುದ್ರದ ನೀರನ್ನೇ ತುಂಬಿ’ ಎನ್ನುತ್ತದೆ. ತಿಂಗಳು ಹಾಗೆ ಮಾಡಿದರೆ ಲೆದರ್ ಕೂಡ ಉಳಿಯುವುದಿಲ್ಲ.

‘ಮನೆಯ ಆರ್‌ಒ ನೀರು ಸಾಕು’ ಎಂಬುದು ಇನ್ನೂ ದೊಡ್ಡ ತಪ್ಪು. ಮನೆಯ ಪ್ಯೂರಿಫೈಯರ್‌ಗಳಲ್ಲಿ ರುಚಿಗೆಂದು ಒಂದಿಷ್ಟು ಮೂಲ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಗುಂಡಿ ಇರುತ್ತದೆ, ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ಈಚೆಗೆ ‘ತಾಮ್ರದ ಗುಣ’ ಎಂದು ತಾಮ್ರವನ್ನೇ ನೀರಿಗೆ ಬಿಡುವ ಮಾದರಿಗಳೂ ಮನೆಮನೆಯಲ್ಲಿವೆ. ಕುಡಿಯುವವರಿಗೆ ಅದು ಒಳ್ಳೆಯದೋ ಅಲ್ಲವೋ, ಹವಳ, ಸಿಗಡಿ, ಬಸವನಹುಳುಗಳಿಗೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಆರ್‌ಒ ಮೆಂಬ್ರೇನಿನ ನಂತರ, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಬೇರೆ ಘಟಕ ಬೇಕು, ಟಿಡಿಎಸ್ ಮೀಟರ್ 0 ತೋರಿಸಬೇಕು. ಬೋರ್‌ವೆಲ್ ನೀರಿನವರಿಗೆ ರೆಸಿನ್ ಬೇಗ ಖರ್ಚಾಗುತ್ತದೆ ಎಂದೂ ತಿಳಿಸಬೇಕು.

ಬಾಕ್ಸ್ ಜತೆ ಕೊಡುವ ಕ್ಯಾಲ್ಸಿಯಂ ಬಾಟಲಿಯ ಲೆಕ್ಕ ನೋಡಿ. ದಿನಕ್ಕೆ 5 ಮಿಲಿ ಹಾಕಿ ಎನ್ನುತ್ತೀರಿ, ಪರೀಕ್ಷೆಯ ಮಾತಿಲ್ಲ. ಹವಳ ಅಸ್ಥಿ ಕಟ್ಟುವಾಗ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಕ್ಯಾಲ್ಸಿಯಂ ಬಳಸಿದರೆ ಅದರೊಂದಿಗೆ 2.8 ಡಿಕೆಎಚ್ ಅಲ್ಕಲಿನಿಟಿಯೂ ಖರ್ಚಾಗುತ್ತದೆ. ಕ್ಯಾಲ್ಸಿಯಂ 420ರಿಂದ 400ಕ್ಕೆ ಇಳಿದಿದ್ದರೆ ಯಾರ ಕಣ್ಣಿಗೂ ಬೀಳದು. ಅಷ್ಟರಲ್ಲಿ ಅಲ್ಕಲಿನಿಟಿ 8.5ರಿಂದ 5.7ಕ್ಕೆ ಕುಸಿದು ಹವಳ ಸಾಯುತ್ತಿರುತ್ತದೆ. ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಅಲ್ಕಲಿನಿಟಿ ಟೆಸ್ಟ್ ಕಿಟ್. ಇನ್ನು ಲೆದರ್, ಮಶ್ರೂಮ್ ಮಾತ್ರ ಇರುವ ಟ್ಯಾಂಕಿಗೆ ಆ ಬಾಟಲಿಯ ಅಗತ್ಯವೇ ಇಲ್ಲ. ವಾರಕ್ಕೆ ಶೇ 10ರಷ್ಟು ನೀರು ಬದಲಿಸಿದರೆ ಉಪ್ಪಿನಲ್ಲಿರುವುದೇ ಸಾಕಾಗುತ್ತದೆ.

ಚೀಲ ಬಿಚ್ಚುವ ವಿಧಾನವೂ ತಿದ್ದಬೇಕು. ಮೂರು ಗಂಟೆ ಹನಿಹನಿಯಾಗಿ ಟ್ಯಾಂಕ್ ನೀರು ಬಿಟ್ಟು, ಕೊನೆಗೆ ಚೀಲದ ನೀರಿನ ಸಮೇತ ಸುರಿಯಿರಿ ಎಂದಿದೆ. ಕೊರಿಯರ್‌ನಲ್ಲಿ ಒಂದು ದಿನ ಕಳೆದ ಚೀಲದಲ್ಲಿ ಅಮೋನಿಯಾ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವವರೆಗೆ ಅದು ಅಷ್ಟಾಗಿ ಕಾಡದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಮೇಲೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಅಂದರೆ ಆ ಮೂರು ಗಂಟೆ ಹವಳ ವಿಷದಲ್ಲೇ ನೆನೆಯುತ್ತದೆ. ಮುಚ್ಚಿದ ಚೀಲವನ್ನು 15ರಿಂದ 20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ ಶಾಖ ಹೊಂದಿಸಿ, ಟ್ಯಾಂಕ್ ನೀರಿನಲ್ಲೇ ಕಲಸಿದ ಡಿಪ್‌ಗೆ (ಹುಳು ಬೀಳಿಸುವ ದ್ರಾವಣಕ್ಕೆ) ಹಾಕಿ, ಬೇರೆ ಪಾತ್ರೆಯಲ್ಲಿ ತೊಳೆದು, ಟ್ಯಾಂಕಿಗಿಳಿಸಿದರೆ ಮುಗಿಯಿತು. ಉಪ್ಪಿನಂಶದ ವ್ಯತ್ಯಾಸ 2 ಪಿಪಿಟಿ ಮೀರಿದ್ದರೆ ಮಾತ್ರ ಅರ್ಧ ಗಂಟೆ ಹನಿಸಬಹುದು. ಚೀಲದ ನೀರು ಚರಂಡಿಗೆ.

ಡಿಪ್ ಎಂಬ ಪದವೇ ತಮ್ಮ ಕೈಪಿಡಿಯಲ್ಲಿಲ್ಲ. ನಮಗೆ ಬಂದ ಮೂರು ಬಾಕ್ಸ್‌ಗಳಲ್ಲಿ ಎರಡರ ಪ್ಯಾಲಿಥೋವಾ ತುಂಡನ್ನು ಬಟ್ಟಲಲ್ಲಿಟ್ಟು ಲೆನ್ಸ್ ಹಿಡಿದು ನೋಡಿದರೆ, ಪಾಲಿಪ್‌ಗಳ (ಹವಳದ ಒಂದೊಂದು ಬಾಯಿಯ) ಕೆಳಗೆ ಬಿಳಿಚಾದ, ಜೆಲ್ಲಿಯಂಥ ಸುರುಳಿಗಳಿದ್ದವು: ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಮೊಟ್ಟೆ. ಪಕ್ಕದಲ್ಲೇ ತಾಯಿಯೂ ಇತ್ತು. ತಿನ್ನುವ ಪಾಲಿಪ್‌ನ ಬಣ್ಣವನ್ನೇ ಮೈಗೆ ತಂದುಕೊಳ್ಳುವ ಹುಳು ಅದು. ಬೆನ್ನ ಮೇಲಿನ ಎಳೆಗಳು ಪಾಲಿಪ್‌ನ ಅಂಚಿನ ಎಳೆಗಳಂತೆಯೇ ಕಾಣುತ್ತವೆ, ಕದಲಿದಾಗಷ್ಟೇ ಗೊತ್ತಾಗುತ್ತದೆ. ತುಂಡನ್ನು ಅಂಟಿಸಿದ ಪ್ಲಗ್‌ನ ತಳದಲ್ಲಿ ಅರ್ಧ ಸೆಂಟಿಮೀಟರಿನ ಕಂದು ಐಪ್ಟೇಶಿಯಾ (ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ ಕಡಲ ಹೂವು) ಸಹ ಇತ್ತು. ಅದನ್ನು ಚಿವುಟಿದರೆ ಬಿದ್ದ ಚೂರುಗಳಿಂದ ಹೊಸದು ಹುಟ್ಟುತ್ತದೆ. ಡಿಪ್ ಹುಳುವನ್ನು ಬೀಳಿಸುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಾಗಾಗಿ ಪ್ಲಗ್ ತೆಗೆದೆಸೆದು, ಮೊಟ್ಟೆಯನ್ನು ಕೆರೆದು, ವಾರದ ನಂತರ ಇನ್ನೊಮ್ಮೆ ಡಿಪ್ ಮಾಡಬೇಕು. ಈ ಕೆಲಸ ಕಳಿಸುವ ಮುಂಚೆ ತಮ್ಮಲ್ಲೇ ಆಗಬೇಕಿತ್ತು.

ಬೆಳಕಿನ ಬಗ್ಗೆ ಎರಡೇ ಮಾತು. ‘ದಿನಕ್ಕೆ 12 ಗಂಟೆ ಪೂರ್ತಿ ಬೆಳಕು’ ಬಿದ್ದರೆ ಮಶ್ರೂಮ್ ಬಿಳಿಚಿಕೊಳ್ಳುತ್ತದೆ. ಅದಕ್ಕೆ 30ರಿಂದ 80 ಪಿಎಆರ್, ಲೆದರ್‌ಗೆ 100ರಿಂದ 150 ಸಾಕು. ಅರ್ಧ ಬೆಳಕಿನಿಂದ ಶುರುಮಾಡಿ ಮೂರು ವಾರದಲ್ಲಿ ಏರಿಸಬೇಕು.

ತಮ್ಮ ಬಾಕ್ಸ್‌ನಲ್ಲಿರುವ ಆ ಎರಡು ಒಳ್ಳೆಯ ತುಂಡುಗಳ ಬಗ್ಗೆಯೂ ಗ್ರಾಹಕರಿಗೆ ಏನೂ ಹೇಳಿಲ್ಲ. ಟೋಡ್‌ಸ್ಟೂಲ್ ಲೆದರ್ ಆಗಾಗ ಬಾಯಿ ಮುಚ್ಚಿ, ಮೈಮೇಲೆ ಮೇಣದಂಥ ಪದರ ಹಿಡಿದು, ವಾರಗಟ್ಟಲೆ ಸಪ್ಪೆ ಮೋರೆ ಹಾಕಿಕೊಂಡಿರುತ್ತದೆ. ಅದು ಪೊರೆ ಬಿಡುವುದು, ಸಾಯುವುದಲ್ಲ. ಸ್ವಲ್ಪ ಹರಿವು ಹೆಚ್ಚಿಸಿದರೆ ಪದರ ಕಳಚಿಹೋಗುತ್ತದೆ. ಇದು ಗೊತ್ತಿಲ್ಲದೆ ಸತ್ತಿತೆಂದು ಎಸೆದವರಿದ್ದಾರೆ. ಮಶ್ರೂಮ್ ಅಂಟಿಗೆ ನಿಲ್ಲುವುದಿಲ್ಲ, ಲೋಳೆ ಬಿಟ್ಟು ಜಾರಿಕೊಳ್ಳುತ್ತದೆ. ಸಣ್ಣ ಕಲ್ಲುಚೂರು ತುಂಬಿದ ಬಟ್ಟಲಲ್ಲಿ ಬಿಟ್ಟು, ಮೇಲೆ ಬಲೆ ಕಟ್ಟಿ, ಹರಿವು ಕಡಿಮೆ ಇರುವ ಮೂಲೆಯಲ್ಲಿ ಒಂದೆರಡು ವಾರ ಇಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆ ಇಷ್ಟು. ಮೂರೂ ಬಾಕ್ಸ್‌ಗಳ ಪೂರ್ತಿ ಹಣ ₹19,497 ಹಿಂತಿರುಗಿಸಿ. ಬಿಸಿನೀರಿನ ಸೂಚನೆಯನ್ನು ಇಂದೇ ತೆಗೆದುಹಾಕಿ, ಈಗಾಗಲೇ ಬಾಕ್ಸ್ ಕೊಂಡ ಎಲ್ಲರಿಗೂ ಪ್ಯಾಲಿಥೋವಾ ಬಗ್ಗೆ ಎಚ್ಚರಿಕೆಯ ಸಂದೇಶ ಕಳಿಸಿ; ಹಣದ ಮಾತು ನಾಲ್ಕು ದಿನ ತಡವಾದರೂ ಪರವಾಗಿಲ್ಲ, ಇದು ತಡವಾಗಬಾರದು. ಗಟ್ಟಿ ಹವಳಗಳ ಕಾಗದಪತ್ರ ತೋರಿಸಿ, ತೋರಿಸುವವರೆಗೆ ಅವುಗಳ ಮಾರಾಟ ನಿಲ್ಲಿಸಿ. ಹೊಸಬರ ಬಾಕ್ಸ್ ಮಾರಲೇಬೇಕೆಂದಿದ್ದರೆ ಎರಡು ಮಶ್ರೂಮ್, ಒಂದು ಲೆದರ್, ಒಂದು ಕೀನ್ಯಾ ಟ್ರೀ (ಮರದಾಕಾರದ ಮೆದು ಹವಳ), ಒಂಟಿ ಕಲ್ಲಿನ ಸಮೇತ ಒಂದು ಸ್ಟಾರ್ ಪಾಲಿಪ್ ಇಡಿ. ಟ್ಯಾಂಕ್ ಸೈಕಲ್ (ಕೊಳೆ ಕರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಹಂತ) ಮುಗಿದು, ಅಮೋನಿಯಾ, ನೈಟ್ರೈಟ್ ಸೊನ್ನೆಗಿಳಿದು, ಎರಡು ತಿಂಗಳಾದರೂ ಕಳೆದಿದೆಯೇ ಎಂದು ಕೇಳಿದ ಮೇಲೆಯೇ ಆರ್ಡರ್ ತೆಗೆದುಕೊಳ್ಳಿ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಂತೆ ಈ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಾದದ್ದು ತಮ್ಮ ಹೊಣೆ. ಅದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಬಿಲ್ಲಿನ ಪ್ರತಿ, ಕೈಪಿಡಿಯ ಮೂರನೇ ಪುಟ, ಮೊಟ್ಟೆ ಸುರುಳಿಗಳ ನಾಲ್ಕು ಫೋಟೊ ಲಗತ್ತಿಸಿದೆ.

ಇತಿ,
ತಮ್ಮ ಗ್ರಾಹಕರು