ಗೋಧಿ ಬೀಜದ ಚೀಲದ ಮೇಲೆ ಬಿತ್ತುವ ದಿನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಸೀಗೆ ಹುಣ್ಣಿಮೆ ಕಳೆಯಿತೆಂದರೆ ನಮ್ಮ ನವಲಗುಂದ ಸೀಮೆಯಲ್ಲಿ ಗೋಧಿ ಬೀಜದ ಮಾತು ಶುರು. ಬೀಜದ ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ಕೇಳುವುದು ಒಂದೇ ಪ್ರಶ್ನೆ: "ಎಕರೆಕ್ಕ ಎಷ್ಟ ಚೀಲ ಬರತೈತ್ರಿ?" ಇದು ಯಾವ ಹೊಲಕ್ಕೆ ಸಲ್ಲುವ ಬೀಜ, ಯಾವ ವಾರದಲ್ಲಿ ಬಿತ್ತಬೇಕಾದ್ದು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹಾಗೆ ಕೇಳದೆ ಒಂದು ಹಂಗಾಮು ಕಳೆದುಕೊಂಡವನು ನಾನು.

ಎರಡು ವರ್ಷದ ಹಿಂದೆ ಗೋವಿನಜೋಳದ ಕಟಾವು ತಡವಾಗಿ, ಹೊಲ ಹದಕ್ಕೆ ಬಂದಾಗ ಡಿಸೆಂಬರ್ ಮೊದಲ ವಾರ. ಪಟ್ಟಣದ ಅಂಗಡಿಯೊಂದರಲ್ಲಿ "ಪಂಜಾಬದ್ದು ಐತ್ರಿ, ಭಾರಿ ಇಳುವರಿ" ಎಂದು ಕೊಟ್ಟರು, ತಂದು ಬಿತ್ತಿದೆ. ಪೈರೇನೋ ಹಸಿರಾಗಿ, ಅಂದವಾಗಿ ಎದ್ದಿತು. ತೆನೆ ಮಾತ್ರ ಫೆಬ್ರುವರಿ ಮುಗಿಯುತ್ತ ಬಂದರೂ ಪೂರ್ತಿ ಹೊರಬರಲಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಒಂದು ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ ಊದಿದರೆ, ಹೊಟ್ಟಿನ ಜೊತೆಗೇ ಅರ್ಧ ಕಾಳೂ ಹಾರಿಹೋಯಿತು. ಉಳಿದವು ಜೀರಿಗೆಯಂತೆ ಸೊರಗಿದ್ದವು. ಬದುವಿನ ಆಚೆ ಅದೇ ವಾರ ಬಿತ್ತಿದ ನೆರೆಯವರು ತಡ ಬಿತ್ತನೆಗೆಂದೇ ಇರುವ ರಾಜ್ 4083 ಎಂಬ ತಳಿ ಹಾಕಿದ್ದರು. ಅವರ ತೆನೆ ನಮ್ಮದಕ್ಕಿಂತ ಹತ್ತು ದಿನ ಮೊದಲೇ ಹೊರಬಂದಿತ್ತು. ಅವರ ಕಾಳನ್ನೂ ನನ್ನ ಕಾಳನ್ನೂ ಒಂದೇ ಅಂಗೈಯಲ್ಲಿಟ್ಟು ನೋಡಿದೆ. ಮಣ್ಣು ಒಂದೇ, ನೀರು ಒಂದೇ, ಗೊಬ್ಬರವೂ ಹೆಚ್ಚುಕಡಿಮೆ ಒಂದೇ.

ಪಂಜಾಬಿನ ಬೀಜ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಚಳಿ ದೀರ್ಘ. ಬಿತ್ತಿದ ಗೋಧಿ 140 ದಿನ, ಅದಕ್ಕೂ ಹೆಚ್ಚು ದಿನ ಹೊಲದಲ್ಲಿ ನಿಂತು ನಿಧಾನವಾಗಿ ಕಾಳು ಕಟ್ಟುತ್ತದೆ. ನಮ್ಮ ಚಳಿ ನವೆಂಬರ್ ನಡುವೆ ಬಂದು ಫೆಬ್ರುವರಿ ನಡುವೆಯೇ ಕಾಲು ಕೀಳುತ್ತದೆ. ಇಲ್ಲಿಯ ತಳಿ 105-110 ದಿನಗಳಲ್ಲಿ ಕೆಲಸ ಮುಗಿಸಬೇಕು. ಕಾಳು ಹಾಲುಗಟ್ಟುವಾಗ ಬಿಸಿಲು 30 ಡಿಗ್ರಿ ದಾಟಿದರೆ ಕಾಳು ತುಂಬುವ ಮೊದಲೇ ಪೈರು ಒಣಗುತ್ತದೆ. 2022ರ ಮಾರ್ಚ್‌ನಲ್ಲಿ ಬಿಸಿಗಾಳಿ ಬೀಸಿದಾಗ ಪಂಜಾಬ್, ಹರಿಯಾಣದ ಗೋಧಿಯೂ ಹೀಗೇ ಸೊರಗಿತು. ಆ ವರ್ಷ ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಬೇಕಾಯಿತು. ಅವರಿಗೆ ಅಪರೂಪಕ್ಕೆ ಬಂದದ್ದು ತಡವಾಗಿ ಬಿತ್ತುವ ನಮ್ಮವರಿಗೆ ಪ್ರತಿ ವರ್ಷದ ಪಾಡು. ಅಂದಹಾಗೆ, ನೆರೆಯವರ ರಾಜ್ 4083 ಕೂಡ ಹುಟ್ಟಿದ್ದು ರಾಜಸ್ಥಾನದಲ್ಲಿ. ಆದರೆ ಅದನ್ನು ಬಿಡುಗಡೆ ಮಾಡಿದ್ದು ನಮ್ಮ ದಕ್ಷಿಣದ ವಲಯಕ್ಕೆ, ತಡವಾದ ನೀರಾವರಿ ಬಿತ್ತನೆಗೆ. ತಳಿ ಎಲ್ಲಿ ಹುಟ್ಟಿತೆಂದು ಕೇಳಿದರೆ ಸಾಲದು, ಯಾವ ಸೀಮೆಗೆ, ಯಾವ ಹೊತ್ತಿಗೆ ಬಿಡುಗಡೆಯಾಯಿತು ಎಂದು ಕೇಳಬೇಕು.

ಇನ್ನು ಮಣ್ಣು. ಮಳೆಯನ್ನೇ ನಂಬಿದ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಅಕ್ಟೋಬರ್ ಕೊನೆಗೆ ಮೇಲ್ಮಣ್ಣು ಒಣಗಿ, ಹಸಿ ನಾಲ್ಕು ಬೆರಳು ಕೆಳಗಿರುತ್ತದೆ. ನಮ್ಮ ಹಿರಿಯರು ಕೂರಿಗೆಯನ್ನು ಒತ್ತಿ ಹಿಡಿದು ಬೀಜವನ್ನು ಆ ಹಸಿಗೆ ಮುಟ್ಟಿಸುತ್ತಿದ್ದರು. ಬಿಜಗಾ ಯೆಲ್ಲೋದಂಥ ಎತ್ತರದ ತಳಿ ಅಷ್ಟು ಆಳದಿಂದಲೂ ತಲೆ ಎತ್ತುತ್ತಿತ್ತು. 1960ರ ದಶಕದಲ್ಲಿ ಮೆಕ್ಸಿಕೋ ಗೋಧಿಯಿಂದ ಬಂದ ಗಿಡ್ಡ ತಳಿಗಳು ಹಾಗಲ್ಲ. ಗಿಡವನ್ನು ಗಿಡ್ಡ ಮಾಡಿದ ಗುಣವೇ ಮೊಳಕೆಯನ್ನು ಮಣ್ಣಿನಿಂದ ಮೇಲೆ ತರುವ ಕೊಳವೆಯಂಥ ಹೊದಿಕೆಯನ್ನೂ ಮೋಟು ಮಾಡಿತು. ಅವನ್ನು ಎರಡು ಅಂಗುಲಕ್ಕಿಂತ ಆಳಕ್ಕೆ ಹಾಕಿದರೆ ಮೊಳಕೆ ದಾರಿಯಲ್ಲೇ ಸುರುಳಿಯಾಗಿ ಸಾಯುತ್ತದೆ. ಸಾಲು ಬರಲಿಲ್ಲವೆಂದು ನಾವು ಬೀಜವನ್ನು ಬೈಯುತ್ತೇವೆ. ಅಲ್ಲಿ ಮಣ್ಣು ಕೆದರಿ ನೋಡಿದವರಿಗೆ ಬಿಳಿ ದಾರದಂತೆ ಸುತ್ತಿಕೊಂಡ ಮೊಳಕೆ ಕಂಡಿರುತ್ತದೆ. ಮಳೆಯಾಶ್ರಿತ ಹೊಲಕ್ಕೆಂದೇ ಧಾರವಾಡ ಕೃಷಿ ವಿಶ್ವವಿದ್ಯಾಲಯ ಯುಎಎಸ್ 347 ಎಂಬ ತಳಿ ಕೊಟ್ಟಿದೆ. ನೀರು ಕಡಿಮೆ ಇರುವಲ್ಲಿಗೆ ಬನ್ಸಿ ರವೆಯ ಗೋಧಿಯಲ್ಲಿ ಯುಎಎಸ್ 446 ಇದೆ. ಕಾಲುವೆ ನೀರು ಸಿಗುವವರು ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬಿತ್ತುವುದಾದರೆ ಯುಎಎಸ್ 304 ಇದೆ. ಇವನ್ನು ಅದಲುಬದಲು ಮಾಡಿದರೆ ಒಳ್ಳೆಯ ತಳಿಯೂ ಸೋಲುತ್ತದೆ.

ಕಾಲುವೆ ಬಂದ ಮೇಲೆ ಸವಳು (ಉಪ್ಪು) ಹಿಡಿದ ಹೊಲಗಳೂ ನಮ್ಮಲ್ಲಿ ಉಂಟು. ಕಡಲೆ ಸವಳನ್ನು ತಾಳುವುದಿಲ್ಲವೆಂದು ಅಲ್ಲಿ ಗೋಧಿ ಬಿತ್ತುತ್ತಾರೆ, ಅದು ಸರಿಯೇ. ಆದರೆ ರವೆಗೆ ದರ ಚೆನ್ನಾಗಿದೆಯೆಂದು ಅಲ್ಲಿ ಬನ್ಸಿ ಗೋಧಿ ಬಿತ್ತಬೇಡಿ. ಚಪಾತಿ ಗೋಧಿಯಷ್ಟು ಸವಳನ್ನು ಅದು ತಡೆಯುವುದಿಲ್ಲ. ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಒಂದೇ ಮಾತು: ನೀರಿಲ್ಲದಿದ್ದರೆ ಅಲ್ಲಿ ಗೋಧಿಯೇ ಬೇಡ.

ಜವೆ ಗೋಧಿಯ (ಬಾರ್ಲಿಯಲ್ಲ, ಖಪ್ಲಿ ಗೋಧಿ) ಬಗ್ಗೆಯೂ ಹೇಳಬೇಕು. ಹುಗ್ಗಿಗೆ, ಮಾದಲಿಗೆ ಅದರ ರುಚಿ ಬೇರೆಯದಕ್ಕಿಲ್ಲ. ಬಿಸಿಲನ್ನೂ ತುಕ್ಕು ರೋಗವನ್ನೂ ಉಳಿದವಕ್ಕಿಂತ ಚೆನ್ನಾಗಿ ತಾಳುತ್ತದೆ. ಅದರಲ್ಲಿ ಡಿಡಿಕೆ 1029 ಎಂಬ ತಳಿ ಬಂದ ಮೇಲೆ ಗಿಡ ಮಲಗುವ ಕಾಟವೂ ತಗ್ಗಿದೆ. ಒಕ್ಕಿದ ಮೇಲೂ ಸಿಪ್ಪೆ ಬಿಡದ ಕಾಳು ಅದು, ಸುಲಿಯುವ ಯಂತ್ರ ಊರ ಹತ್ತಿರ ಇಲ್ಲದಿದ್ದರೆ ಬೆಳೆದವನಿಗೆ ತೊಂದರೆ.

ತಡವಾದರೆ ತಳಿಯಷ್ಟೇ ಅಲ್ಲ, ಬಿತ್ತುವ ರೀತಿಯೂ ಬದಲಾಗಬೇಕು. ಚಳಿ ಕಡಿಮೆಯಾದಷ್ಟೂ ಬುಡದಲ್ಲಿ ಮರಿ (ಹೊಸ ಕವಲು) ಒಡೆಯುವುದು ಕಡಿಮೆ. ಆದ್ದರಿಂದ ಎಕರೆಗೆ 40 ಕಿಲೋ ಬದಲು 50 ಕಿಲೋ ಬೀಜ, ಒಂಬತ್ತು ಅಂಗುಲದ ಸಾಲಿನ ಬದಲು ಏಳು ಅಂಗುಲ. ಮತ್ತು 21ನೇ ದಿನದ ನೀರನ್ನು ಎಂದೂ ತಪ್ಪಿಸಬಾರದು. ಬುಡದ ಬೇರು ಇಳಿಯುವುದು ಆಗಲೇ.

ಇದೆಲ್ಲ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿದೆ. ಅಂಗಡಿಯ ಕಟ್ಟೆಗೆ ಕೈಪಿಡಿ ಬರುವುದಿಲ್ಲ, ಚೀಲ ಬರುತ್ತದೆ. ಅದರ ಚೀಟಿಯಲ್ಲಿ ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ ಸಣ್ಣ ಅಕ್ಷರದಲ್ಲಿರುತ್ತವೆ. ಕೃಷಿ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ: ನಮ್ಮ ಜಿಲ್ಲೆಗಳಲ್ಲಿ ಮಾರುವ ಪ್ರತಿ ಗೋಧಿ ಚೀಲದ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಮೂರು ಸಾಲು ಇರಲಿ. ಯಾವ ದಿನದಿಂದ ಯಾವ ದಿನದವರೆಗೆ ಬಿತ್ತಬೇಕು, ಮಳೆಯಾಶ್ರಿತಕ್ಕೋ ನೀರಾವರಿಗೋ, ಯಾವ ಮಣ್ಣಿಗೆ. ತಡ ಬಿತ್ತನೆಯ ಬೀಜವನ್ನು ಡಿಸೆಂಬರ್ 15ರವರೆಗೂ ರೈತ ಸಂಪರ್ಕ ಕೇಂದ್ರಗಳಲ್ಲಿ ಉಳಿಸಿಡಲಿ. ಹತ್ತಿ, ಗೋವಿನಜೋಳ ಬೆಳೆದವರಿಗೆ, ಕಾಲುವೆಯ ಕೊನೆಯ ಹೊಲದವರಿಗೆ ಬೀಜ ಬೇಕಾಗುವುದೇ ಆಗ. ತಾವೂ ಕೃಷಿ ಪುಟದಲ್ಲಿ ಸ್ವಾತಿ ಮಳೆಗೆ ಮೊದಲೇ ಯಾವ ತಳಿ, ಯಾವ ದಿನ, ಯಾವ ಮಣ್ಣಿಗೆ ಎಂಬ ಪಟ್ಟಿಯನ್ನು ಒಮ್ಮೆ ಅಚ್ಚುಹಾಕಿದರೆ, ಕತ್ತರಿಸಿ ನಮ್ಮೂರ ಸೊಸೈಟಿಯ ಗೋಡೆಗೆ ಅಂಟಿಸುವ ಕೆಲಸ ನನ್ನದು.

ಇಂತಿ,
ನವಲಗುಂದ ತಾಲ್ಲೂಕಿನ ಒಬ್ಬ ಗೋಧಿ ಬೆಳೆಗಾರ