ಪೊಲೀಸರಿಗೆ ನೆರವಾದವರಿಗೂ ಬೇಕು ಕಾನೂನಿನ ಆಸರೆ

ಮಾನ್ಯ ಸಂಪಾದಕರೇ,

ಸರ ಕಿತ್ತು ಓಡುವವನ ಬೆನ್ನಟ್ಟಿದ ಕಾನ್‌ಸ್ಟೆಬಲ್ ‘ಹಿಡ್ಕೊಳ್ರೀ ಅವನನ್ನ’ ಎಂದು ಕೂಗಿದರೆ ದಾರಿಯಲ್ಲಿದ್ದವರು ಸುಮ್ಮನೆ ನೋಡುತ್ತ ನಿಲ್ಲುವಂತಿಲ್ಲ. ಬಂಧಿಸುವ ಅಧಿಕಾರವುಳ್ಳ ಪೊಲೀಸರು ಆರೋಪಿಯನ್ನು ಹಿಡಿಯಲು ಸಕಾರಣವಾಗಿ ನೆರವು ಕೇಳಿದರೆ ಕೊಡಲೇಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 31ನೇ ಕಲಂ ಹೇಳುತ್ತದೆ. ಬೇಕೆಂದೇ ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 222ನೇ ಕಲಂನಡಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿಯಲ್ಲಿ ಇದೇ ದಂಡ 500 ರೂಪಾಯಿ ಇತ್ತು. ಈ ಹೊಸ ಸಂಹಿತೆಗಳು ಜಾರಿಯಾದ 2024ರ ಜುಲೈ 1ರಿಂದ ಅದು ಹತ್ತು ಪಟ್ಟಾಯಿತು. ನೆರವಾದವರ ರಕ್ಷಣೆ ಮಾತ್ರ ಇದ್ದಲ್ಲೇ ಇದೆ.

ಕಾನೂನಿಗೆ ರಕ್ಷಣೆ ಕೊಡಲು ಬಾರದೆಂದಲ್ಲ. ಗುಂಪು ಚದುರಿಸುವಾಗ ಪೊಲೀಸರ ಕೋರಿಕೆಯಂತೆ ಸದ್ಭಾವನೆಯಿಂದ ನಡೆದುಕೊಂಡವರ ಮೇಲೆ ಸರ್ಕಾರದ ಮಂಜೂರಾತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 151ನೇ ಕಲಂ ಅದನ್ನು ಬಿಡಿಸಿ ಹೇಳಿದೆ. ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹಾಗೂ 2020ರ ನಿಯಮಗಳ ಬಲವಿದೆ. ಅವರ ಹೆಸರು, ವಿಳಾಸ ಹೇಳಿ ಎಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗಲು ತಾವಾಗಿಯೇ ಒಪ್ಪಿದರೆ ಅವರಿಗೆ ಅನುಕೂಲವಾದ ಜಾಗ ಮತ್ತು ಹೊತ್ತಿನಲ್ಲಿ ವಿಚಾರಿಸಬೇಕು. ಮನೆಗೆ ಹೋದರೆ ಪೊಲೀಸರು ಸಮವಸ್ತ್ರದಲ್ಲಿ ಹೋಗಬಾರದು. ನಮ್ಮ ರಾಜ್ಯ ಇದಕ್ಕೆಂದೇ 2016ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅಪಘಾತದಲ್ಲಿ ನೆರವಾದವರಿಗೆ ಸಿಕ್ಕ ಈ ಮರ್ಯಾದೆ, ಕಳ್ಳನನ್ನು ಹಿಡಿದುಕೊಟ್ಟವರಿಗೆ ಯಾಕಿಲ್ಲ?

ಹಿಡಿಯುವ ಹೊತ್ತಿನಲ್ಲಿ ಆರೋಪಿ ತಿರುಗಿಬಿದ್ದು ಇಬ್ಬರಿಗೂ ಒಂದೇ ರೀತಿ ಹೊಡೆದ ಎನ್ನೋಣ. ಕಾನ್‌ಸ್ಟೆಬಲ್‌ಗೆ ಆದ ಗಾಯಕ್ಕೆ ನ್ಯಾಯ ಸಂಹಿತೆಯ 121ನೇ ಕಲಂ, ಐದು ವರ್ಷದವರೆಗೆ ಶಿಕ್ಷೆ. ಅವರ ಮಾತಿನಂತೆ ಕೈಹಾಕಿದ ಅಂಗಡಿಯವರಿಗೆ ಆದ ಅಷ್ಟೇ ಗಾಯಕ್ಕೆ 115(2), ಒಂದು ವರ್ಷದವರೆಗೆ. ನಾಲ್ಕು ದಿನ ಬಿಟ್ಟು ಆರೋಪಿಯ ಕಡೆಯವರು ಅಂಗಡಿಗೆ ಬಂದು ಕಪಾಳಕ್ಕೆ ಬಾರಿಸಿ ಹೋದರೆ ಇನ್ನೂ ಕಷ್ಟ. ಅಷ್ಟೇ ನಡೆದಿದ್ದರೆ ಅದು ಅಸಂಜ್ಞೇಯ (ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ, ‘ಎನ್‌ಸಿ’) ಅಪರಾಧ; ಠಾಣೆಯಲ್ಲಿ ಎನ್‌ಸಿ ಬರೆದುಕೊಂಡು, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಆಗದು ಎನ್ನುತ್ತಾರೆ. ಕಾನೂನಿನ ಪ್ರಕಾರ ಅವರು ಹೇಳುವುದು ಸರಿಯೇ. ತಪ್ಪಿರುವುದು ಕಾನೂನಿನಲ್ಲಿ. ಇಂಗ್ಲೆಂಡಿನ 1996ರ ಪೊಲೀಸ್ ಕಾಯ್ದೆಯ 89ನೇ ಕಲಂ, ಕಾನ್‌ಸ್ಟೆಬಲ್ ಮೇಲಿನ ಹಲ್ಲೆಯನ್ನೂ ಅವರಿಗೆ ನೆರವಾಗುತ್ತಿರುವವರ ಮೇಲಿನ ಹಲ್ಲೆಯನ್ನೂ ಒಂದೇ ಅಪರಾಧವಾಗಿ ನೋಡುತ್ತದೆ.

ಸಾಕ್ಷಿ ಸಂರಕ್ಷಣಾ ಯೋಜನೆ ಇದೆಯಲ್ಲ ಎನ್ನಬಹುದು. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಒಪ್ಪಿ ಜಾರಿಗೊಳಿಸಿದ ಆ ಯೋಜನೆ ಒಳ್ಳೆಯದೇ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟರೆ, ಡಿವೈಎಸ್‌ಪಿ ಅಥವಾ ಎಸಿಪಿ ಐದು ಕೆಲಸದ ದಿನಗಳೊಳಗೆ ಬೆದರಿಕೆಯ ಕುರಿತು ವರದಿ ಕೊಡಬೇಕು. ಆದರೆ ಕೆಲವು ಲೈಂಗಿಕ ಅಪರಾಧಗಳನ್ನು ಬಿಟ್ಟರೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಮಾತ್ರ ಅದು ಅನ್ವಯ. ಸರ ಕಿತ್ತುಕೊಳ್ಳುವುದಕ್ಕೆ ನ್ಯಾಯ ಸಂಹಿತೆಯ ಹೊಸ 304ನೇ ಕಲಂನಲ್ಲಿರುವುದು ಮೂರು ವರ್ಷ. ಅದೇ ಘಟನೆಗೆ ಹೆಚ್ಚು ಶಿಕ್ಷೆಯ ಸುಲಿಗೆಯ ಕಲಂ ಹಾಕಿದರೆ ಸಾಕ್ಷಿಗೆ ರಕ್ಷಣೆ ಕೇಳುವ ಹಕ್ಕು, ಹಾಕದಿದ್ದರೆ ಇಲ್ಲ. ಹಿಡಿದುಕೊಟ್ಟವರ ಸುರಕ್ಷತೆ ಠಾಣಾಧಿಕಾರಿ ಎಫ್‌ಐಆರ್‌ನಲ್ಲಿ ಬರೆಯುವ ಒಂದು ಸಂಖ್ಯೆಗೆ ಜೋತುಬಿದ್ದಿದೆ.

ಇನ್ನು ಕೌಂಟರ್ ಕೇಸಿನ ಕಾಟ. ಸಿಕ್ಕಿಬಿದ್ದವನು ಆಸ್ಪತ್ರೆಯಲ್ಲಿ ‘ಇಂಥವರು ಹೊಡೆದರು’ ಎಂದು ಹೇಳಿ ಗಾಯದ ಪ್ರಮಾಣಪತ್ರ ಮಾಡಿಸಿಕೊಂಡರೆ, ನೆರವಾದವರೇ ಆರೋಪಿ. ಕಾನೂನಿಗೆ ಕಟ್ಟುಬಿದ್ದು ಮಾಡಿದ ಕೃತ್ಯ ಅಪರಾಧವಲ್ಲ ಎಂಬ ನ್ಯಾಯ ಸಂಹಿತೆಯ 14ನೇ ಕಲಂ ಅವರ ಬೆನ್ನಿಗಿದೆ. ಆದರೆ ಅದನ್ನು ಸಾಮಾನ್ಯವಾಗಿ ಸಾಬೀತುಪಡಿಸಬೇಕಾದದ್ದು ವಿಚಾರಣೆಯಲ್ಲಿ; ಅಷ್ಟರಲ್ಲಿ ಜಾಮೀನು, ವಕೀಲರ ಫೀಸು, ವಾಯಿದೆಗಳು ಆಗಿಹೋಗಿರುತ್ತವೆ. ಸಾಬೀತುಪಡಿಸಲು ಪೊಲೀಸರು ನೆರವು ಕೇಳಿದ್ದಕ್ಕೆ ದಾಖಲೆ ಬೇಕು. ಎಫ್‌ಐಆರ್‌ನಲ್ಲಿ ಇರುವುದೋ ‘ಸಾರ್ವಜನಿಕರ ಸಹಾಯದಿಂದ ಹಿಡಿದುಕೊಂಡು’ ಎಂಬ ಒಂದೇ ಸಾಲು. ಹೆಸರು ಬರೆದರೆ ಆರೋಪಿಗೆ ಗೊತ್ತಾಗುತ್ತದೆ, ಬರೆಯದಿದ್ದರೆ ನೆರವಾದವರ ಬಳಿ ಪುರಾವೆ ಉಳಿಯುವುದಿಲ್ಲ. ಇದಕ್ಕೆ ದಾರಿ, ತನಿಖೆಯ ದಿನದಿನದ ದಾಖಲೆಯಾದ ಕೇಸ್ ಡೈರಿ. ಯಾರು, ಎಷ್ಟು ಗಂಟೆಗೆ, ಯಾವ ಸಿಬ್ಬಂದಿಯ ಕೋರಿಕೆಯ ಮೇಲೆ ನೆರವಾದರು ಎಂದು ತನಿಖಾಧಿಕಾರಿ ಅಂದೇ ಅದರಲ್ಲಿ ಬರೆಯಲಿ. ಡೈರಿಯನ್ನು ನ್ಯಾಯಾಲಯ ತರಿಸಿ ನೋಡಬಹುದು, ಆರೋಪಿ ಕೇಳಿ ಪಡೆಯಲಾಗದು.

ಓದುಗರೂ ಕೆಲವನ್ನು ತಿಳಿದಿರುವುದು ಒಳ್ಳೆಯದು. ನೆರವಾದ ದಿನವೇ ಆ ಸಿಬ್ಬಂದಿಯ ಹೆಸರು, ನಂಬರು, ಠಾಣೆ, ಅಪರಾಧ ಸಂಖ್ಯೆ ಬರೆದಿಟ್ಟುಕೊಳ್ಳಿ. ಗಾಯವಾಗಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಗಾಯದ ವೈದ್ಯ-ಕಾನೂನು ದಾಖಲೆ) ಮಾಡಿಸಿ. ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸುವಾಗ ಅದು ಬೇಕಾಗುತ್ತದೆ. ಸಾಕ್ಷಿ ಹೇಳಿಕೆಗೆ ಕರೆಯುವುದಾದರೆ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಲಿಖಿತ ಆದೇಶ ಇರಬೇಕು. ಮಹಿಳೆಯರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ತಾವಾಗಿ ಒಪ್ಪದ ಹೊರತು ಠಾಣೆಗೆ ಕರೆಸುವಂತಿಲ್ಲ. ತನಿಖೆಯ ವೇಳೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಮಹಜರಿಗೆ ಪಂಚರಾಗಿ (ಸ್ಥಳದ ಸಾಕ್ಷಿಗಳಾಗಿ) ಸಹಿ ಹಾಕುವುದು ಬೇರೆ. ಜಾಗದಲ್ಲಿ ನಿಂತು, ವಸ್ತು ಕಣ್ಣಾರೆ ಕಂಡು, ಬರೆದದ್ದನ್ನು ಓದಿಸಿ ಕೇಳಿದ ಮೇಲೆ ಹಾಕಿ. ಖಾಲಿ ಹಾಳೆಗೆ ಮಾತ್ರ ಖಂಡಿತ ಬೇಡ.

ಕಾಯ್ದೆ ಬದಲಾಗಲು ಹೊತ್ತು ಹಿಡಿಯುತ್ತದೆ. 31ನೇ ಕಲಂನಡಿ ನೆರವಾದವರಿಗೂ 151ರಂಥ ರಕ್ಷಣೆ ಸಿಗಬೇಕು, ಅವರ ಮೇಲಿನ ಹಲ್ಲೆಗೂ ನ್ಯಾಯ ಸಂಹಿತೆಯ 121 ಮತ್ತು (ಸರ್ಕಾರಿ ನೌಕರರ ಮೇಲಿನ ಹಲ್ಲೆಯ) 132ನೇ ಕಲಂ ಅನ್ವಯಿಸಬೇಕು. ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ ವಿಧಾನಮಂಡಲ ತಿದ್ದುಪಡಿ ಅಂಗೀಕರಿಸಿ, 2016ರ ಕಾಯ್ದೆಯಂತೆಯೇ ರಾಷ್ಟ್ರಪತಿಗಳ ಅಂಕಿತಕ್ಕೆ ಕಳಿಸಬಹುದು. ಕೇಸ್ ಡೈರಿಯಲ್ಲಿ ನಾಲ್ಕು ಸಾಲು ಬರೆಸಲು ಇಷ್ಟೆಲ್ಲ ಬೇಕಿಲ್ಲ. ಪೊಲೀಸ್ ಮಹಾನಿರ್ದೇಶಕರ ಸುತ್ತೋಲೆ ಸಾಕು. ಗೃಹ ಇಲಾಖೆ ಅದನ್ನು ಮೊದಲು ಮಾಡಿಸಲಿ.

– ವಕೀಲರೊಬ್ಬರು, ಹಾಸನ