ಪಾರ್ಸೆಲ್‌ನಲ್ಲಿರುವ ವೈರು ಕತ್ತರಿಸಬೇಡ

ಪುಟ್ಟಿ,

ಹಾಸ್ಟೆಲ್ ಟೆರೇಸಿನಲ್ಲಿ ಕಂಬ ನಿಲ್ಲಿಸಲು ಬಿಡುವುದಿಲ್ಲ ಅಂದೆಯಲ್ಲ, ಅದಕ್ಕೇ ನಿನ್ನ ಹ್ಯಾಮ್ ರೇಡಿಯೋಗೆ ಹತ್ತು ನಿಮಿಷದಲ್ಲಿ ಕಟ್ಟಿ ಬಿಚ್ಚುವಂಥ ಡೈಪೋಲ್, ಅಂದರೆ ಎರಡು ಬದಿಗೆ ವೈರು ಚಾಚುವ ಆಂಟೆನಾ ಮಾಡಿ ರಾತ್ರಿ ಧಾರವಾಡದ ಬಸ್ಸಿಗೆ ಹಾಕಿದ್ದೇನೆ. ಚೀಲದಲ್ಲಿ ಬಿಳಿ ಪ್ಲಾಸ್ಟಿಕ್ ತುಂಡೊಂದು ಕಾಣಿಸುತ್ತದೆ. ಅಮ್ಮನ ತರಕಾರಿ ಹೆಚ್ಚುವ ಹಲಗೆ ಅದು. ಅವಳಿಗೆ ಇನ್ನೂ ಗೊತ್ತಿಲ್ಲ, ನೀನೂ ಹೇಳಬೇಡ.

ಆ ತುಂಡೇ ನಡುಭಾಗ. ರೇಡಿಯೋದಿಂದ ಬರುವ ಕೋಆಕ್ಸ್ ಕೇಬಲ್ ಅದಕ್ಕೆ ಬಂದು ಸೇರುತ್ತದೆ, ಎರಡೂ ಬದಿಗೆ ಒಂದೊಂದು ವೈರು. ಲೆಕ್ಕ ನಿನಗೆ ಗೊತ್ತೇ ಇದೆ: 143ನ್ನು ಮೆಗಾಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ವೈರಿನ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ ಬದಿಗೆ 10. ನಡುವಿನಿಂದ 5 ಮೀಟರ್ ದೂರದಲ್ಲಿ, ಹೆಚ್ಚುಕಮ್ಮಿ ಒಂದು ಸೀರೆಯಷ್ಟು ಅನ್ನು, ಎರಡೂ ಕಡೆ ಕ್ಲಿಪ್ ಹಾಕಿದ್ದೇನೆ. ಎರಡನ್ನೂ ಬಿಚ್ಚಿದರೆ 14 ಮೆಗಾಹರ್ಟ್ಸ್, ಕೂಡಿಸಿದರೆ 7.

ತುದಿಗಳಲ್ಲಿ ವೈರು ಹಿಂದಕ್ಕೆ ಮಡಚಿ ಟ್ಯಾಗ್ ಬಿಗಿದದ್ದು ನೋಡಿ ಅಪ್ಪನಿಗೆ ಅಳತೆ ಬರಲ್ಲ ಅಂತ ನಗಬೇಡ. ಹಿಂದಿನ ಸಲ ನಾನು ಹಿತ್ತಲಲ್ಲಿ ಎದೆಯೆತ್ತರಕ್ಕೆ ವೈರು ಕಟ್ಟಿ, ಅದು ಯಾವ ಫ್ರೀಕ್ವೆನ್ಸಿಗೆ ಹೊಂದುತ್ತದೆ ಅಂತ ತೋರಿಸುವ ಮೀಟರ್ ನೋಡಿದೆ. 6.8ರಲ್ಲಿ ನಿಂತಿತ್ತು. ಮೇಲಿನ ಪಿವಿಸಿ ಹೊದಿಕೆಗೂ ನೆಲ ಹತ್ತಿರ ಇದ್ದದ್ದಕ್ಕೂ ಫ್ರೀಕ್ವೆನ್ಸಿ ಕೆಳಗೆ ಇಳಿಯುತ್ತದೆ ಅನ್ನೋದು ಓದಿದ್ದೆ, ಆದರೂ ಕೈ ತಡೆಯಲಿಲ್ಲ, ಕಟಿಂಗ್ ಪ್ಲೇಯರ್ ತಗೊಂಡು ಕಚಕ್ ಕಚಕ್ ಅಂತ ಕತ್ತರಿಸಿ 7.1ಕ್ಕೆ ತಂದೆ. ಆಮೇಲೆ ಹಲಸಿನ ಮರಕ್ಕೆ ಎತ್ತಿದೆ ನೋಡು, ಮತ್ತೆ ಮೇಲಕ್ಕೆ ಹಾರಿ ನಮಗೆ ಬಿಟ್ಟ ಬ್ಯಾಂಡಿನ ಹೊರಗೆ ಹೋಯಿತು. ಬೆಸುಗೆ ಹಾಕಿ ಹಾಕಿ ಸಾಕಾಯಿತು. ಹಾಗಾಗಿ ನೀನು ಟ್ಯಾಗ್ ಸರಿಸು, ಅಷ್ಟೇ. ಬದಿಗೆ 10 ಸೆಂಟಿಮೀಟರ್ ಜಾಸ್ತಿ ಮಡಚಿದರೆ ಹತ್ತಿರ ಹತ್ತಿರ 70 ಕಿಲೋಹರ್ಟ್ಸ್ ಮೇಲೆ ಹೋಗುತ್ತದೆ. ಎಷ್ಟು ಎತ್ತರಕ್ಕೆ ಕಟ್ಟಿ ಮಾತಾಡುತ್ತೀಯೋ ಅಷ್ಟೇ ಎತ್ತರದಲ್ಲಿ ಮೀಟರ್ ನೋಡು.

ಕೊಂಬೆ ಮೇಲೆ ದಾರ ಎಸೆಯಲು ಅರ್ಧ ನೀರು ತುಂಬಿದ ಸಣ್ಣ ಬಾಟಲಿ ಸಾಕು. ಕಲ್ಲು ಕಟ್ಟಬೇಡ. ನಾನು ಕಟ್ಟಿದ್ದೆ, ಪಕ್ಕದ ಮನೆಯ ಎರಡು ಹೆಂಚಿನ ದುಡ್ಡು ಕೊಟ್ಟೆ. ಕರೆಂಟ್ ವೈರು ಹತ್ತಿರ ಇರುವ ಮರವಂತೂ ಬೇಡವೇ ಬೇಡ, ಎಷ್ಟೇ ಒಳ್ಳೆ ಕೊಂಬೆ ಇರಲಿ. ಮೋಡ ಗುಡುಗಿದರೆ ಮಾತು ಅರ್ಧಕ್ಕೇ ಬಿಟ್ಟು ಇಳಿಸು. ಮಾತಾಡುವಾಗ ತುದಿ ಯಾರ ಕೈಗೂ ಸಿಗಬಾರದು, ವೋಲ್ಟೇಜ್ ಜಾಸ್ತಿ ಇರೋದು ಅಲ್ಲೇ, ಚರ್ಮ ಸುಡುತ್ತದೆ.

ಎತ್ತರ ಸಿಗಲಿಲ್ಲ ಅಂತ ಬೇಜಾರು ಮಾಡಿಕೋಬೇಡ. 7ರಲ್ಲಿ ನಡುಭಾಗ ಐದಾರು ಮೀಟರ್ ಮೇಲಿದ್ದು ತುದಿಗಳು ಇಳಿಬಿದ್ದಿದ್ದರೂ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ, ಆಕಾಶದ ಅಯಾನು ಪದರದಿಂದ ವಾಪಸಾಗಿ ಸುತ್ತಮುತ್ತಲೇ ಬಂದು ಬೀಳುತ್ತದೆ. ಧಾರವಾಡದಿಂದ ನಮ್ಮೂರು ಸಾಗರಕ್ಕೆ ನೇರ ಅಳೆದರೆ 150 ಕಿಲೋಮೀಟರೂ ಇಲ್ಲ, ನಮಗೆ ಬೇಕಾದದ್ದೂ ಅದೇ ಅಲ್ವಾ?

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ 7.090ರಲ್ಲಿ ಕಾಯುತ್ತೇನೆ. ಅಲ್ಲಿ ಯಾರಾದರೂ ಮಾತಾಡುತ್ತಿದ್ದರೆ 5 ಕಿಲೋಹರ್ಟ್ಸ್ ಮೇಲೆ ಬಾ. ಅಮ್ಮನೂ ಪಕ್ಕದಲ್ಲಿ ಕೂರುತ್ತಾಳಂತೆ, ಹಲಗೆ ಸುದ್ದಿ ಮಾತ್ರ ಎತ್ತಬೇಡ.

ಅಪ್ಪ